ಹೊಡೆ, ಸೂಲಂಗಿ, ಸಿಂಗಾರ

ಆಶ್ವಯುಜದ ಹುಣ್ಣಿಮೆ ಹತ್ತಿರ ಬಂತೆಂದರೆ ಸೊರಬ ಸೀಮೆಯ ಮನೆಗಳಲ್ಲಿ ಬುಟ್ಟಿಗೆ ಕೆಮ್ಮಣ್ಣು ಬಳಿಯುವ ಕೆಲಸ ಶುರುವಾಗುತ್ತದೆ. ಬುಟ್ಟಿ ಒಣಗಿದ ಮೇಲೆ ದೀವರ ಸಮುದಾಯದ ಹೆಂಗಸರು ಪುಂಡಿನಾರಿನ ಕುಂಚ ಹಿಡಿದು, ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಅದು ಭೂಮಣ್ಣಿ ಬುಟ್ಟಿ. ಹುಣ್ಣಿಮೆಯ ಹಿಂದಿನ ರಾತ್ರಿ ಒಲೆ ಆರುವುದಿಲ್ಲ. ಹೊಲ, ಹಿತ್ತಲು, ಕಾಡಂಚಿನಿಂದ ಕೊಯ್ದು ತಂದ ಬೆರಕೆ ಸೊಪ್ಪು ಬೇಯುತ್ತದೆ, ಬಗೆಬಗೆಯ ಅಡುಗೆಯಾಗುತ್ತದೆ. ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಆ ಅಡುಗೆಯನ್ನು ಚರಗವಾಗಿ ಚೆಲ್ಲುತ್ತಾರೆ. ಕಾರಣ ಕೇಳಿದರೆ ಮಕ್ಕಳೂ ಹೇಳುತ್ತಾರೆ: ಭತ್ತ ಬಸುರಿ, ಬಸುರಿಗೆ ಬಯಕೆಯ ಊಟ ಬಡಿಸಬೇಕು.

ಇದನ್ನು ಬರೀ ನಂಬಿಕೆ ಎಂದು ಬದಿಗಿಡುವ ಮುನ್ನ ಆ ಹೊತ್ತಿನ ಗದ್ದೆಯಿಂದ ಒಂದು ಭತ್ತದ ತೆಂಡೆ ಕಿತ್ತು, ತುದಿಯ ಎಲೆಯ ಬುಡದಲ್ಲಿ ಉಬ್ಬಿಕೊಂಡಿರುವ ಕವಚವನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ಬೆಳ್ಳಗೆ, ಮೆತ್ತಗೆ, ಮಡಿಸಿಟ್ಟಂತೆ ತೆನೆ ಮಲಗಿರುತ್ತದೆ. ರೈತರು ಇದನ್ನು ಹೊಡೆ ಎನ್ನುತ್ತಾರೆ. ಭತ್ತ ಹೊಡೆ ತುಂಬಿದೆ, ಹೊಡೆ ಒಡೆದಿದೆ ಎನ್ನುತ್ತಾರೆ. ಸಸ್ಯವಿಜ್ಞಾನಿ ಸೂಕ್ಷ್ಮದರ್ಶಕದಡಿ ನೋಡಿ ಹೇಳುವುದೂ ಇದನ್ನೇ. ಮುಂದೆ ಕಾಳಾಗಬೇಕಾದ ಪ್ರತಿಯೊಂದು ಹೂವೂ ಆ ಕವಚದೊಳಗೆ ಆಗಲೇ ರೂಪ ತಳೆದಿರುತ್ತದೆ. ಹಬ್ಬದ ತಿಥಿಯೂ ಬೆಳೆಯ ಹಂತವೂ ಇಷ್ಟು ಸರಿಯಾಗಿ ಕೂಡಿಬರುವುದು ತಲೆಮಾರುಗಳ ಕಾಲ ಗದ್ದೆಯನ್ನು ಕಣ್ಣಿಟ್ಟು ಕಾದವರಿಗೆ ಮಾತ್ರ ಸಾಧ್ಯ.

ಹೊಡೆಯಿಂದ ತೆನೆ ಹೊರಬಂದ ಮೇಲೆ ಹೂವರಳುತ್ತದೆ. ಭತ್ತಕ್ಕೆ ಹೂವೇ ಎಂದು ಪೇಟೆಯವರು ಕೇಳಬಹುದು. ಬೆಳಗಿನ ಬಿಸಿಲು ಏರಿದ ಮೇಲೆ ಗದ್ದೆಯ ಬದುವಿನಲ್ಲಿ ಬಾಗಿ ನೋಡಿದರೆ, ಹಸಿರು ಹೊಟ್ಟಿನ ಎರಡು ಸಿಪ್ಪೆ ಬಾಯಿ ತೆರೆದು ಆರು ಪುಟ್ಟ ಎಳೆಗಳು ಹೊರಗೆ ಜೋತಾಡುವುದು ಕಾಣುತ್ತದೆ. ಅವು ಕೇಸರಗಳು, ಹೂವಿನ ಗಂಡು ಭಾಗ. ಎಳೆಯ ತುದಿಯ ಹಳದಿ ಚೀಲ ಪರಾಗಕೋಶ, ಅದರೊಳಗಿನ ಹುಡಿ ಪರಾಗ. ಒಳಗೆ ಗರಿಯಂಥ ಎರಡು ಕುಚ್ಚುಗಳಿವೆ. ಪರಾಗವನ್ನು ಹಿಡಿಯುವ ಈ ಭಾಗ ಶಲಾಕಾಗ್ರ. ಕುಚ್ಚಿನ ಬುಡದಲ್ಲಿರುವ ಅಂಡಾಶಯವೇ ನಾಳೆಯ ಅಕ್ಕಿಕಾಳು. ಸುಮಾರು ಒಂದು ಗಂಟೆ ತೆರೆದಿದ್ದು ಹೂ ಮತ್ತೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ತನ್ನದೇ ಪರಾಗ ತನ್ನದೇ ಶಲಾಕಾಗ್ರದ ಮೇಲೆ ಬಿದ್ದಿರುತ್ತದೆ. ಪಠ್ಯಪುಸ್ತಕ ಇದನ್ನು ಸ್ವಕೀಯ ಪರಾಗಸ್ಪರ್ಶ ಎನ್ನುತ್ತದೆ. ಆ ದಿನಗಳಲ್ಲಿ ಬಿರುಮಳೆ ಹೊಡೆದರೆ, ಅಕಾಲದ ಚಳಿ ಬಿದ್ದರೆ ಪರಾಗ ಕೂರುವುದಿಲ್ಲ, ಕಾಳು ಕಟ್ಟುವುದಿಲ್ಲ. ಸುಗ್ಗಿಯಲ್ಲಿ ಮೊರಕ್ಕೆ ಸಿಗುವ ಜೊಳ್ಳಿನಲ್ಲಿ ಬಹಳಷ್ಟು ಅಂಥ ಹೂಗಳು.

ಸೊರಬದಿಂದ ಮೂಡಲಿಗೆ ಶಿಕಾರಿಪುರದ ಕಡೆ ಇಳಿದರೆ ಗದ್ದೆ ಕಡಿಮೆಯಾಗಿ ಮೆಕ್ಕೆಜೋಳದ ಹೊಲಗಳು ಹೆಚ್ಚುತ್ತವೆ. ಗಂಡು ಹೆಣ್ಣಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಗಿಡವಿಲ್ಲ. ಗಿಡದ ನೆತ್ತಿಯಲ್ಲಿ ಹರಡಿಕೊಳ್ಳುವ ಸೂಲಂಗಿ ಪೂರ್ತಿ ಗಂಡು. ನಡುವಿನ ಎಲೆಯ ಕಂಕುಳಲ್ಲಿ ಮೂಡುವ ತೆನೆ ಪೂರ್ತಿ ಹೆಣ್ಣು. ಎರಡೂ ಒಂದೇ ಗಿಡದಲ್ಲಿವೆ, ಆದರೆ ಒಂದೇ ಹೂವಿನಲ್ಲಿಲ್ಲ. ಗಂಡು ಅಥವಾ ಹೆಣ್ಣು, ಒಂದನ್ನೇ ಹೊತ್ತ ಹೂವಿಗೆ ಏಕಲಿಂಗಿ ಎಂದು ಹೆಸರು. ಭತ್ತದಂತೆ ಎರಡನ್ನೂ ಹೊತ್ತದ್ದು ದ್ವಿಲಿಂಗಿ.

ಇನ್ನು ತೆನೆಯ ತುದಿಯಲ್ಲಿ ಇಳಿಬಿದ್ದ ಆ ರೇಷ್ಮೆಯಂಥ ಕೂದಲು. ಸುಟ್ಟ ತೆನೆ ತಿನ್ನುವ ಮಕ್ಕಳು ಕಿತ್ತು ಮೀಸೆ ಮಾಡಿಕೊಳ್ಳುವ ಈ ಕೂದಲಿಗೆ ಇಡೀ ಬೆಳೆಯ ಲೆಕ್ಕ ಗೊತ್ತಿದೆ. ಒಂದೊಂದು ಕೂದಲೂ ಒಂದೊಂದು ಕಾಳಿನ ತಲೆಗೆ ಅಂಟಿಕೊಂಡಿರುತ್ತದೆ. ಸೂಲಂಗಿಯಿಂದ ಗಾಳಿಯಲ್ಲಿ ಉದುರಿದ ಪರಾಗದ ಕಣವೊಂದು ಆ ಕೂದಲಿನ ಮೇಲೆ ಕೂತು, ಒಳಗೇ ಸಣ್ಣ ನಳಿಕೆ ಬೆಳೆಸಿ, ಗೇಣುದ್ದ ದಾರಿಯನ್ನು ಸುಮಾರು ಒಂದು ದಿನದಲ್ಲಿ ಸಾಗಿ ಕಾಳಿನ ಬುಡ ಮುಟ್ಟುತ್ತದೆ. ಆಗ ಕಾಳು ಕಟ್ಟುತ್ತದೆ, ಕೂದಲು ಕಂದಿ ಒಣಗುತ್ತದೆ. ಪರಾಗ ಸಿಗದ ಕೂದಲಿನ ಬುಡದಲ್ಲಿ ಕಾಳಿಲ್ಲ. ತೆನೆ ಸುಲಿದಾಗ ನಡುನಡುವೆ ಹಲ್ಲುದುರಿದಂತೆ ಖಾಲಿ ಕಂಡರೆ ಅದು ಗೊಬ್ಬರದ ದೋಷವೇ ಆಗಬೇಕಿಲ್ಲ. ಸೂಲಂಗಿ ಬಿಡುವ ವಾರದಲ್ಲಿ ಮಳೆ ಕೈಕೊಟ್ಟಿರಬಹುದು, ನೀರಿನ ಬರದಿಂದ ಕೂದಲು ತಡವಾಗಿ ಹೊರಟು ಅಷ್ಟರಲ್ಲಿ ಪರಾಗವೆಲ್ಲ ಉದುರಿಹೋಗಿರಬಹುದು.

ಗಿಡಗಳಿಗೂ ಗಂಡು ಹೆಣ್ಣುಂಟು ಎಂಬುದನ್ನು ಯುರೋಪು ಪ್ರಯೋಗದಿಂದ ಒಪ್ಪಿಕೊಂಡದ್ದು ತಡವಾಗಿ. 1694ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಕ್ಯಾಮರೇರಿಯಸ್ ಎಂಬ ವೈದ್ಯ ಇದರ ಬಗ್ಗೆ ಒಂದು ದೀರ್ಘ ಪತ್ರ ಪ್ರಕಟಿಸಿದ. ಆತ ಹರಳುಗಿಡದ ಗಂಡು ಹೂಗಳನ್ನು ಅರಳುವ ಮುನ್ನವೇ ಚಿವುಟಿ ಹಾಕಿದ, ಬೀಜ ಕಟ್ಟಲಿಲ್ಲ. ಮೆಕ್ಕೆಜೋಳದ ತೆನೆಯ ಕೂದಲು ಕತ್ತರಿಸಿದ; ಕಾಳು ನಿಲ್ಲಲಿಲ್ಲ. ಈ ಬೆಳೆ ಯುರೋಪಿಗೂ ಅಮೆರಿಕ ಖಂಡದಿಂದಲೇ ಬಂದದ್ದು. ಶಿಕಾರಿಪುರದ ಯಾವ ಶಾಲೆಯ ಮಕ್ಕಳೂ ಖರ್ಚಿಲ್ಲದೆ ಇದೇ ಪ್ರಯೋಗ ಮಾಡಬಹುದು. ಒಂದು ತೆನೆಗೆ ಕೂದಲು ಹೊರಡುವ ಮೊದಲೇ ಕಾಗದದ ಚೀಲ ಕಟ್ಟಿ ಹಾಗೇ ಬಿಟ್ಟರೆ ಸಾಕು, ಪುಸ್ತಕದ ಒಂದು ಅಧ್ಯಾಯ ಕೈಯಲ್ಲಿ ಬಂದು ಕೂರುತ್ತದೆ.

ಪುಸ್ತಕದ ಅಧ್ಯಾಯ ಮಾತ್ರ ಸಾಮಾನ್ಯವಾಗಿ ದಾಸವಾಳದಿಂದ ಶುರುವಾಗುತ್ತದೆ. ತಪ್ಪೇನಿಲ್ಲ. ದಾಸವಾಳ ದೊಡ್ಡದು, ಎಲ್ಲವೂ ಬಿಡಿಯಾಗಿ ಕಾಣುತ್ತದೆ. ಹೊರಗಿನ ಹಸಿರು ಬಟ್ಟಲು ಪುಷ್ಪಪತ್ರಗಳದ್ದು, ಮೊಗ್ಗನ್ನು ಕಾಯುವುದು ಅದರ ಕೆಲಸ. ಬಣ್ಣದ ಎಸಳುಗಳು ಪುಷ್ಪದಳ, ಅವು ದುಂಬಿ ಹಕ್ಕಿಗಳನ್ನು ಕರೆಯುತ್ತವೆ. ನಡುವಿನ ಉದ್ದ ಕೊಳವೆಗೆ ಸುತ್ತಲೂ ಅಂಟಿಕೊಂಡ ಹಳದಿ ಹುಡಿಯ ಎಳೆಗಳು ಕೇಸರ, ಕೊಳವೆಯ ತುದಿಯಲ್ಲಿ ಮೂಡುವ ಐದು ಕೆಂಪು ಗುಂಡಿಗಳು ಶಲಾಕಾಗ್ರ. ತೊಂದರೆ ಇರುವುದು ಹೆಸರುಗಳಲ್ಲಿ. ಶಲಾಕಾಗ್ರ, ಅಂಡಾಶಯ, ಪುಷ್ಪಮಂಜರಿ ಎಂದು ಬಾಯಿಪಾಠ ಮಾಡುವ ಹುಡುಗಿಗೆ ಮನೆಯಲ್ಲಿ ಅಜ್ಜಿ ಹೇಳುವ ಹೊಡೆ, ಹೀಚು, ಸಿಂಗಾರ ಇವೇ ಸಂಗತಿಗಳ ಹೆಸರೆಂದು ಯಾರೂ ಕೂಡಿಸಿ ತೋರಿಸುವುದಿಲ್ಲ. ಪರೀಕ್ಷೆ ಮುಗಿಯುತ್ತಲೇ ಪುಸ್ತಕದ ಪದ ಮರೆಯುತ್ತದೆ, ಅಜ್ಜಿಯ ಪದವನ್ನು ಯಾರೂ ಬರೆದಿಟ್ಟಿರುವುದಿಲ್ಲ. ಎರಡೂ ಕಳೆದುಹೋಗುವುದು ನಿಜವಾದ ನಷ್ಟ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಬಿ.ಜಿ.ಎಲ್. ಸ್ವಾಮಿ ಗಿಡಗಳ ಭ್ರೂಣದ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಪಂಡಿತರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕತೆಯನ್ನೇ ಸಸ್ಯಶಾಸ್ತ್ರದ ಪಾಠವಾಗಿಸಿ ಅವರು ಬರೆದ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕದ ಮಾತನ್ನೂ ಅಜ್ಜಿಯ ಮಾತನ್ನೂ ಕೂಡಿಸುವುದು ಕನ್ನಡದಲ್ಲಿ ಆಗದ ಕೆಲಸವಲ್ಲ.

ಅಡಿಕೆ ತೋಟದವರಿಗೆ ಈ ಪಾಠವನ್ನು ಹೊಸದಾಗಿ ಹೇಳಬೇಕಿಲ್ಲ. ಹಳೆಯ ಹಾಳೆ ಕಳಚಿ ಬಿದ್ದ ಜಾಗದಲ್ಲಿ ಹೊಂಬಾಳೆ ಕಾಣಿಸಿಕೊಂಡು ಸೀಳುತ್ತದೆ. ಒಳಗಿಂದ ಕೆನೆಬಣ್ಣದ ಸಿಂಗಾರ ಬಿಚ್ಚಿಕೊಳ್ಳುತ್ತದೆ. ಕೆಲವು ಕಡೆ ಇದು ಹಿಂಗಾರ. ಮದುವೆ ಮಂಟಪಕ್ಕೆ, ನಾಗನ ಪೂಜೆಗೆ ಇದು ಒಂದು ಹೂ. ಸಸ್ಯಶಾಸ್ತ್ರಕ್ಕೆ ಸಾವಿರಾರು ಹೂಗಳ ಗೊಂಚಲು. ಕವಲುಗಳ ಬುಡದಲ್ಲಿ ದಪ್ಪನೆಯ ಹಸಿರು ಮೊಗ್ಗಿನಂತೆ ಕೂತಿರುವವು ಹೆಣ್ಣು. ಅಲ್ಲಿಂದ ತುದಿಯವರೆಗೆ ಅಕ್ಕಿನುಚ್ಚಿನಂತೆ ಒತ್ತಾಗಿರುವವು ಗಂಡು. ಗಂಡು ಹೂಗಳು ಮೊದಲು ಅರಳಿ, ವಾರಗಟ್ಟಲೆ ಉದುರಿ ಮುಗಿಯುತ್ತವೆ. ಹೆಣ್ಣು ಹೂ ಬಾಯಿ ತೆರೆಯುವುದು ಆಮೇಲೆ, ಕೆಲವೇ ದಿನ. ತನ್ನ ಸಿಂಗಾರದ ಪರಾಗ ತನಗೆ ದಕ್ಕದಂತೆ ಮರವೇ ಮಾಡಿಕೊಂಡ ಏರ್ಪಾಡು ಇದು. ಪರಾಗ ಪಕ್ಕದ ಮರದಿಂದ ಗಾಳಿಯಲ್ಲಿ ಬರಬೇಕು. ಪುಸ್ತಕದ ಮಾತಿನಲ್ಲಿ ಪರಕೀಯ ಪರಾಗಸ್ಪರ್ಶ. ಬೇಸಗೆಯಲ್ಲಿ ಮರದ ಬುಡದಲ್ಲಿ ಚೆಲ್ಲಿದ ಎಳೆ ಕಾಯಿ ನೋಡಿ ಹರಳು ಉದುರುತ್ತಿದೆ ಎಂದು ತೋಟಗಾರ ಕಂಗಾಲಾಗುತ್ತಾನಲ್ಲ, ಆ ಹರಳು ಎಂದರೆ ಹೆಣ್ಣು ಹೂವಿನ ಅಂಡಾಶಯ ಆಗಷ್ಟೇ ಬಲಿಯಲು ತೊಡಗಿದ್ದು.

ಅಡಿಕೆಯನ್ನು ಅಡಕತ್ತರಿಯಲ್ಲಿ ಹೋಳು ಮಾಡಿದಾಗ ಬಿಳಿ ಕಂದು ಗೆರೆಗಳು ಒಂದರೊಳಗೊಂದು ನುಗ್ಗಿದಂತೆ ಕಾಣುತ್ತವೆ. ಸಿಪ್ಪೆಸಹಿತ ಇಡೀ ಕಾಯಿಯೇ ಹಣ್ಣು. ಗೋಟು ಅದರ ಬೀಜ. ಬೀಜದ ಬಹುಪಾಲು ಮೊಳಕೆಗೆಂದು ಕೂಡಿಟ್ಟ ಬುತ್ತಿ, ಭ್ರೂಣಾಹಾರ. ಹೂಬಿಡುವ ಗಿಡಗಳಲ್ಲಿ ಪರಾಗನಳಿಕೆ ಎರಡು ಗಂಡು ಕೋಶಗಳನ್ನು ಹೊತ್ತು ತರುತ್ತದೆ, ಒಂದು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ, ಇನ್ನೊಂದು ಈ ಬುತ್ತಿಯನ್ನು ಹುಟ್ಟಿಸುತ್ತದೆ ಎಂದು 1898ರಲ್ಲಿ ರಷ್ಯದ ನವಾಶಿನ್ ಕಂಡುಕೊಂಡ. ಅಕ್ಕಿಯಲ್ಲಿ ನಾವು ಉಣ್ಣುವುದು ಇದನ್ನೇ, ತೆಂಗಿನಲ್ಲಿ ಎಳನೀರಾಗಿ ಕುಡಿಯುವುದೂ ಇದನ್ನೇ. ಅನ್ನ ಉಂಡು, ಎಳನೀರು ಕುಡಿದು, ಎಲೆಯಡಿಕೆ ಹಾಕಿಕೊಂಡವರು ಮೂರು ಬೇರೆ ಬೇರೆ ಗಿಡಗಳ ಒಂದೇ ಭಾಗವನ್ನು ಸವಿದಿರುತ್ತಾರೆ.

ಒಂದು ಹೂವೋ ಹಲವು ಹೂವೋ ಎಂಬ ಗೊಂದಲ ಸಿಂಗಾರಕ್ಕೆ ಮಾತ್ರವಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯೆದುರು ಒಂದು ಕಲ್ಲಿನ ಕಂಬವಿದೆ. ಐದನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನ ಅದರ ಮೇಲಿದೆ. ಕದಂಬ ವಂಶವನ್ನು ಸ್ಥಾಪಿಸಿದ ಮಯೂರಶರ್ಮನ ಪೂರ್ವಿಕರು ಮನೆಯ ಬಳಿ ಬೆಳೆದ ಕದಂಬ ಮರವೊಂದನ್ನು ಅಕ್ಕರೆಯಿಂದ ಸಾಕುತ್ತಿದ್ದರು, ಅದರಿಂದಲೇ ವಂಶಕ್ಕೆ ಆ ಹೆಸರು ಬಂತು ಎಂದು ಅದು ಹೇಳುತ್ತದೆ. ಕರ್ನಾಟಕದ ಮೊದಲ ರಾಜಮನೆತನಗಳಲ್ಲಿ ಒಂದು ಮರದ ಹೆಸರಿನಿಂದ ಗುರುತಾದದ್ದು ಸಸ್ಯಪ್ರಿಯರಿಗೆ ಹೆಮ್ಮೆಯ ಸಂಗತಿ. ಇಂದು ಕದಂಬವೆಂದು ಕರೆಯುವ ಮರದ ಹೂ ಮಳೆಗಾಲದಲ್ಲಿ ಹಳದಿ ಚೆಂಡಿನಂತೆ ಅರಳುತ್ತದೆ. ಚೆಂಡನ್ನು ಹೋಳು ಮಾಡಿದರೆ ನಡುವಿನ ಗಟ್ಟಿ ಉಂಡೆಯ ಸುತ್ತ ನೂರಾರು ಕೊಳವೆ ಹೂಗಳು ಒತ್ತೊತ್ತಾಗಿ ನಾಟಿಕೊಂಡಿರುವುದು ಕಾಣುತ್ತದೆ. ಮೇಲೆ ಬಿಳಿ ಮುಳ್ಳಿನಂತೆ ಚಾಚಿದ್ದು ಒಂದೊಂದು ಹೂವಿನ ಶಲಾಕೆ, ತುದಿಯಲ್ಲಿ ಶಲಾಕಾಗ್ರ ಹೊತ್ತ ಎಳೆ. ಹೀಗೆ ಒಂದೇ ತೊಟ್ಟಿನಲ್ಲಿ ಹಲವು ಹೂ ಕೂಡಿದರೆ ಅದು ಪುಷ್ಪಮಂಜರಿ, ಸರಳವಾಗಿ ಹೂಗೊಂಚಲು. ದೀಪಾವಳಿಯ ಚೆಂಡುಹೂವೂ ಸೇವಂತಿಗೆಯೂ ಇದೇ ಬಗೆ. ನಾವು ಎಸಳೆಂದು ಕೀಳುವ ಪ್ರತಿಯೊಂದೂ ಅಲ್ಲಿ ಒಂದು ಪೂರ್ತಿ ಹೂ.

ಹಲಸಿನದು ಇದರ ಮುಂದಿನ ಅಧ್ಯಾಯ. ಗೊಂಚಲಿನ ಹೂಗಳೆಲ್ಲ ಸೇರಿ ಒಂದೇ ಹಣ್ಣಾಗುತ್ತವೆ. ಸಿಪ್ಪೆಯ ಮೇಲಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ಗುರುತು. ಪರಾಗ ಸಿಕ್ಕ ಹೂ ಬೀಜ ಹೊತ್ತು ತೊಳೆಯಾಯಿತು. ಸಿಗದ ಹೂ ತೊಳೆಗಳ ನಡುವೆ ನಾರಾಗಿ ಉಳಿಯಿತು. ತೊಳೆ ಹೆಚ್ಚು, ನಾರು ಕಡಿಮೆ ಇರುವ ಹಣ್ಣು ಸಿಕ್ಕರೆ ಗಂಡು ಗೊಂಚಲಿನ ಪರಾಗ ಚೆನ್ನಾಗಿ ತಲುಪಿತ್ತು ಎಂದರ್ಥ. ಎಳೆಯದರಲ್ಲೇ ಕಪ್ಪಗಾಗಿ ಉದುರುವ ಬೆರಳುದ್ದದ ಗೊಂಚಲು ಕೊಳೆತ ಹಲಸಿನಕಾಯಿಯಲ್ಲ. ಪರಾಗ ಚೆಲ್ಲಿ ತನ್ನ ಕೆಲಸ ಮುಗಿಸಿದ ಗಂಡು ಗೊಂಚಲು. ಅತ್ತಿ ಇನ್ನೂ ಗುಟ್ಟಿನ ಮರ. ಅದರ ಹೂ ಕಂಡವರಿಲ್ಲ ಎನ್ನುತ್ತಾರೆ, ಯಾಕೆಂದರೆ ಹೂಗಳಿರುವುದು ಕಾಯಿಯೆಂದು ನಾವು ಕರೆಯುವ ಗುಂಡಿನ ಒಳಗೋಡೆಯಲ್ಲಿ. ತುದಿಯ ಸಣ್ಣ ಕಿಂಡಿಯಿಂದ ಪುಟ್ಟ ಕಣಜವೊಂದು ನುಗ್ಗಿ, ಒಳಗೆ ಮೊಟ್ಟೆಯಿಡುತ್ತ ಪರಾಗ ಹಚ್ಚುತ್ತದೆ. ಅತ್ತಿಹಣ್ಣು ಬಿಡಿಸಿದರೆ ಹುಳ ಎಂದು ಮೂಗು ಮುರಿಯುವವರು ನೋಡುತ್ತಿರುವುದು ಆ ಕಣಜದ ಸಂಸಾರವನ್ನು. ಅದಿಲ್ಲದೆ ಅತ್ತಿಗೆ ಬೀಜವಿಲ್ಲ.

ಕೇದಿಗೆಯ ವಿಷಯ ಕೇಳಿದರೆ ಹಲವರಿಗೆ ಅಚ್ಚರಿಯಾದೀತು. ಇದರಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಜಡೆಯಲ್ಲಿ ಮುಡಿಯುವ, ಪೆಟ್ಟಿಗೆಯ ಸೀರೆಯ ನಡುವೆ ಇಡುವ ಆ ಪರಿಮಳದ ಗರಿ ಗಂಡು ಗಿಡದ್ದು. ಅದೂ ಎಸಳಲ್ಲ, ಹೂಗೊಂಚಲನ್ನು ಸುತ್ತಿದ ಎಲೆ. ಹೆಣ್ಣು ಗಿಡ ಅನಾನಸಿನಂಥ ಕಾಯಿ ಬಿಡುತ್ತದೆ, ಅದನ್ನು ಯಾರೂ ಮುಡಿಯುವುದಿಲ್ಲ.

ಗಿಡದ ಬಗೆಗಳನ್ನು ನೋಡಬೇಕೆಂದರೆ ಕಾನಿಗೆ ಹೋಗಬೇಕು. ಸೊರಬದಲ್ಲಿ ಕಾಡು ಬೇರೆ, ಕಾನು ಬೇರೆ. ಬೇಸಗೆಯಲ್ಲೂ ಎಲೆಯುದುರಿಸದ, ಬಿಸಿಲು ನೆಲ ಮುಟ್ಟದ, ಒಳಗೆ ದೇವರ ಜಾಗವೂ ನೀರಿನ ಒರತೆಯೂ ಇರುವ ದಟ್ಟ ತೋಪು ಕಾನು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳನ್ನು ಲೆಕ್ಕ ಹಾಕಿದಾಗ ಸಿಕ್ಕದ್ದು 171; ಒಟ್ಟು ವಿಸ್ತೀರ್ಣ 32,594 ಎಕರೆ. ಕಾಳುಮೆಣಸು ಇಲ್ಲಿನ ಹಳೆಯ ಸಂಪತ್ತು. ಕಾಡಿನ ಮೆಣಸಿನಲ್ಲಿ ಸಾಮಾನ್ಯವಾಗಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ತೋಟಕ್ಕೆ ಬಂದ ತಳಿಗಳಲ್ಲಿ ಹೆಚ್ಚಿನವುಗಳ ಹೂ ದ್ವಿಲಿಂಗಿ. ಯಾರೋ ಎಂದೋ ತುಂಬ ಕಾಳು ಕಚ್ಚುವ ಬಳ್ಳಿಯನ್ನೇ ಆರಿಸಿ ನಾಟಿ ಮಾಡುತ್ತ ಬಂದದ್ದರ ಫಲ ಇದು.

ಮರದ ಮೇಲೆ ಮರವಲ್ಲದ್ದು ಬೆಳೆದರೆ ಎಲ್ಲವನ್ನೂ ಒಂದೇ ಎಂದು ತಿಳಿಯಬಾರದು. ಮಳೆಗಾಲದ ಹೊಸ್ತಿಲಲ್ಲಿ ಮಾವು ಹಲಸಿನ ಕೊಂಬೆಯಿಂದ ನೇರಳೆ ಚುಕ್ಕೆಯ ಬಿಳಿ ಹೂವಿನ ದಂಡೆಯಾಗಿ ಇಳಿಬೀಳುವ ಸೀತಾಳೆ ಮರವನ್ನು ಆಸರೆಗಷ್ಟೇ ಹಿಡಿದಿದೆ. ಅದರ ಬೇರು ತೊಗಟೆಯೊಳಗೆ ಇಳಿಯುವುದಿಲ್ಲ, ಗಾಳಿಯ ತೇವ, ಮಳೆನೀರು, ಕೊಳೆತ ಎಲೆಯ ಸಾರವೇ ಅದಕ್ಕೆ ಸಾಕು. ಬಂದಳಿಕೆ ಹಾಗಲ್ಲ. ಅದರ ಬೀಜಕ್ಕೆ ಅಂಟು. ಹಣ್ಣು ತಿಂದ ಪುಟ್ಟ ಹಕ್ಕಿ ಅಂಟಿದ ಬೀಜವನ್ನು ಕೊಂಬೆಗೆ ಒರೆಸಿಹೋಗುತ್ತದೆ; ಮೊಳೆತ ಬೀಜ ಕೊಂಬೆಯನ್ನೇ ಕೊರೆದು ಒಳಗಿನ ನೀರು ಹೀರುತ್ತದೆ. ಎಲೆ ಹಸಿರಾಗಿರುವುದರಿಂದ ಅಡುಗೆ ಮಾತ್ರ ತನ್ನದೇ. ಆದ್ದರಿಂದ ಅದು ಅರೆ ಪರಾವಲಂಬಿ. ಶಿಕಾರಿಪುರ ತಾಲ್ಲೂಕಿನಲ್ಲಿ ಬಂದಳಿಕೆ ಎಂಬ ಊರೇ ಇದೆ, ನಾಗರಖಂಡ ಎಂಬ ಹಳೆಯ ನಾಡಿನ ರಾಜಧಾನಿ. ಆದರೆ ಶಾಸನಗಳಲ್ಲಿ ಅದು ಬಂದಣಿಕೆ, ಬಾಂಧವಪುರ. ಈ ಗಿಡಕ್ಕೂ ಆ ಹೆಸರಿಗೂ ನಂಟು ಕಟ್ಟುವಂತಿಲ್ಲ.

ಸೊರಬದ ಹೆಸರನ್ನು ದೂರದವರೆಗೆ ಒಯ್ದ ಶ್ರೀಗಂಧವೂ ಅರೆ ಪರಾವಲಂಬಿಯೇ. ಸೊರಬ, ಸಾಗರದ ಗುಡಿಗಾರರು ಉಳಿ ಹಿಡಿದು ದೇವರನ್ನೂ ಬಳ್ಳಿಗಳನ್ನೂ ಮೂಡಿಸುವ ಆ ಮರ ಮಣ್ಣಿನಡಿಯಲ್ಲಿ ನೆರೆಯ ಗಿಡದ ಬೇರನ್ನು ಹಿಡಿದು ಬದುಕುತ್ತದೆ. ನರ್ಸರಿಗಳಲ್ಲಿ ಗಂಧದ ಸಸಿಯ ಚೀಲದಲ್ಲೇ ಒಂದು ತೊಗರಿ ಗಿಡ ಬೆಳೆಸುವುದು ಇದಕ್ಕಾಗಿಯೇ. ಅದನ್ನು ಕಳೆಯೆಂದು ಕಿತ್ತವರು ಗಂಧವನ್ನೂ ಕಳೆದುಕೊಳ್ಳುತ್ತಾರೆ. ಇದರ ಹೂವಿನಲ್ಲಿ ಪುಷ್ಪಪತ್ರ, ಪುಷ್ಪದಳ ಎಂಬ ಎರಡು ಸುತ್ತುಗಳಿಲ್ಲ, ಇರುವುದು ನಾಲ್ಕು ಹೋಳಿನ ಒಂದೇ ಸುತ್ತು. ಅರಳುವಾಗ ತಿಳಿಹಳದಿ, ಆಮೇಲೆ ಕಡುಗೆಂಪು. ಮರದ ಪರಿಮಳ ಹೂವಿನದಲ್ಲ, ಒಳಗಿನ ಚೇಗಿನದು.

ಹೂವೇ ಇಲ್ಲದವರ ಮಾತು ಬೇಗ ಮುಗಿಯುತ್ತದೆ. ಕಾನಿನ ಒರತೆಯ ಬದಿಯ ಜರಿಗಿಡದ ಎಲೆ ಮಗುಚಿದರೆ ಕಂದು ಚುಕ್ಕೆಗಳ ಸಾಲು ಕಾಣುತ್ತದೆ. ಅವು ರೋಗವಲ್ಲ, ಬೀಜಕಗಳ ಗೂಡು. ಬೀಜಕಗಳು ಹುಡಿಯಂತೆ ಹಾರಿ ತೇವ ಸಿಕ್ಕಲ್ಲಿ ಹೊಸ ಪೀಳಿಗೆ ಹುಟ್ಟಿಸುತ್ತವೆ. ಕಚೇರಿಗಳ ಅಂಗಳದಲ್ಲಿ ನೆಡುವ ಸೈಕಸ್‌ಗೆ ಬೀಜವುಂಟು, ಹೂವಿಲ್ಲ, ಬೀಜವನ್ನು ಮುಚ್ಚುವ ಹಣ್ಣೂ ಇಲ್ಲ. ಅದು ಅನಾವೃತಬೀಜ ಸಸ್ಯ. ಹಣ್ಣಿನೊಳಗೆ ಬೀಜ ಬಚ್ಚಿಟ್ಟ ಉಳಿದವೆಲ್ಲ ಆವೃತಬೀಜ.

ಹೊಲದ ಮಾತೂ ಪುಸ್ತಕದ ಮಾತೂ ಜಗಳಕ್ಕೆ ಬೀಳುವ ಒಂದು ಜಾಗವಿದೆ. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕುಗಳಲ್ಲಿ ಶುಂಠಿ ಬೆಳೆಯುವವರು ‘ಬೀಜದ ಶುಂಠಿ’ ಕೊಳ್ಳುತ್ತಾರೆ. ಸಸ್ಯಶಾಸ್ತ್ರಕ್ಕೆ ಅದು ಬೀಜವೇ ಅಲ್ಲ, ಮಣ್ಣಿನಡಿ ಅಡ್ಡಡ್ಡ ಬೆಳೆದ ಕಾಂಡದ ತುಂಡು. ಪರಾಗವಿಲ್ಲ, ಅಂಡವಿಲ್ಲ, ತಾಯಿ ಗಿಡದ ಅಚ್ಚು ಪ್ರತಿ. ಈ ವ್ಯತ್ಯಾಸ ಬರೀ ಪದದ್ದಲ್ಲ. ತಾಯಿ ಗೆಡ್ಡೆಯಲ್ಲಿ ಕೊಳೆರೋಗ ಅಡಗಿದ್ದರೆ ತುಂಡಿನೊಂದಿಗೆ ಅದೂ ಹೊಸ ಹೊಲಕ್ಕೆ ಇಳಿಯುತ್ತದೆ, ಬಹಳ ಕುಟುಂಬಗಳು ಇದರ ಪೆಟ್ಟು ತಿಂದಿವೆ. ಇಲ್ಲಿ ಪುಸ್ತಕದ ಪದ ಗೊತ್ತಿರುವುದು ಜೇಬಿಗೇ ಒಳ್ಳೆಯದು.

ಮತ್ತೆ ಹೂವಿನ ಮಾತಿಗೆ ಬಂದರೆ, ಕಾನಿನಲ್ಲಿ ಬೈನೆ ಮರ ಹೂ ಬಿಡುವ ಕ್ರಮವೇ ತಲೆಕೆಳಗು. ಮೊದಲ ಗೊಂಚಲು ನೆತ್ತಿಯ ಬಳಿ, ಕುದುರೆಯ ಬಾಲದಂತೆ ಜೋತುಬೀಳುತ್ತದೆ. ಮುಂದಿನದು ಅದರ ಕೆಳಗೆ, ಅದರ ಮುಂದಿನದು ಇನ್ನೂ ಕೆಳಗೆ. ಎರಡು ಗಂಡು ಹೂವಿನ ನಡುವೆ ಒಂದು ಹೆಣ್ಣು ಹೂ, ಹೀಗೆ ಮೂರು ಮೂರರ ಜೋಡಣೆ. ಕೊನೆಯ ಗೊಂಚಲಿನ ಹಣ್ಣು ಕಳಿತ ಮೇಲೆ ಮರ ಒಣಗಿ ನಿಲ್ಲುತ್ತದೆ. ಬಿದಿರೂ ಹೀಗೆ, ದಶಕಗಳ ಕಾಲ ಬೆಳೆದು ಒಮ್ಮೆ ಮೆಳೆಗೆ ಮೆಳೆಯೇ ಹೂತು, ಬಿದಿರಕ್ಕಿ ಉದುರಿಸಿ ಸಾಯುತ್ತದೆ. ಎತ್ತರ ಎಷ್ಟೇ ಇರಲಿ, ಬಿದಿರು ಭತ್ತ ಜೋಳಗಳ ಕುಟುಂಬದ ಹುಲ್ಲು.

ಮಾವಿನ ಹೂವಿನಿಂದ ಹಣ್ಣಿನವರೆಗೆ ಇಲ್ಲಿಯ ಮಾತಿನಲ್ಲಿ ಎಷ್ಟು ಮೆಟ್ಟಿಲುಗಳಿವೆ! ಮೊಗ್ಗು, ಹೂ, ಹೀಚು, ಮಿಡಿ, ಕಾಯಿ, ದೋರಗಾಯಿ, ಹಣ್ಣು. ಹೀಚು ಎಂದರೆ ಅಂಡಾಶಯ ಉಬ್ಬತೊಡಗಿದ ಗಳಿಗೆ. ಮಿಡಿ ಎಂದರೆ ಒಳಗೆ ಗೊರಟೆ ಇನ್ನೂ ಗಟ್ಟಿಯಾಗದ ಗಳಿಗೆ. ಹಳ್ಳದ ಬದಿಯ ಅಪ್ಪೆ ಮಾವಿನ ಮರ ಹತ್ತುವವರು ಉಪ್ಪಿನಕಾಯಿಗೆ ಕೊಯ್ಯುವುದು ಸರಿಯಾಗಿ ಆ ಕೆಲವು ದಿನಗಳಲ್ಲಿ. ವಾರ ತಡವಾದರೆ ಹಲ್ಲಿಗೆ ಗೊರಟೆ ಸಿಗುತ್ತದೆ. ಪರಿಮಳಕ್ಕೆ ಹೆಸರಾದ ಒಂದು ಮರದ ಗೊರಟೆ ನೆಟ್ಟರೆ ಅದೇ ಪರಿಮಳದ ಮಿಡಿ ಸಿಕ್ಕೀತೆಂಬ ಖಾತರಿಯಿಲ್ಲ. ನೊಣ, ಜೇನು ಯಾವ ಮರದ ಪರಾಗ ಹೊತ್ತು ತಂದಿತ್ತೋ ಬಲ್ಲವರಾರು. ಅದಕ್ಕೇ ಅಪ್ಪೆ ಬೇಕಾದವರು ಗೊರಟೆ ಬಿಟ್ಟು ಕಡ್ಡಿ ಕೇಳುತ್ತಾರೆ. ಹಳ್ಳದ ಮರದಿಂದ ಪೆನ್ಸಿಲ್ ದಪ್ಪದ ನಾಲ್ಕು ಕಸಿಕಡ್ಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಿಸಿಲೇರುವ ಮುನ್ನ ಮನೆ ಮುಟ್ಟುತ್ತಾರೆ. ಹಿತ್ತಲಿನಲ್ಲಿ ಕಾಡುಮಾವಿನ ಸಸಿಗಳು ಚೀಲದಲ್ಲಿ ಕಾದಿರುತ್ತವೆ.